ಆಜ್ಞೆಗೂ ಒಂದು ಅಳತೆ, ಲೆಕ್ಕಕ್ಕೂ ಒಂದು ಎಚ್ಚರ



ಗಣಕದ ವಿಷಯವನ್ನು ದೂರದರ್ಶನದಲ್ಲಿ ಹೇಳುವಾಗ ಒಂದು ತೊಡಕಿದೆ. ಅಂಕಿಗಳು ಪರದೆಯ ಮೇಲೆ ಬಂದಷ್ಟೇ ಬೇಗ ಸರಿದುಹೋಗುತ್ತವೆ. ಕಾಗದ, ಪೆನ್ಸಿಲ್ ಹಿಡಿದು ನಿಧಾನವಾಗಿ ಮಾಡಬೇಕಾದ ಲೆಕ್ಕಗಳಿಗೆ ಈ ಪುಟಗಳೇ ಸರಿಯಾದ ಜಾಗ. ಇಂದಿನ ವಿಷಯ ಅಂಥದ್ದೇ. ಯುನಿಕ್ಸ್ ಅಥವಾ ಲಿನಕ್ಸ್ ಗಣಕದಲ್ಲಿ ಸಾವಿರಾರು ಕಡತಗಳನ್ನು ಒಂದೇ ಆಜ್ಞೆಗೆ ಒಪ್ಪಿಸಿದಾಗ ಒಮ್ಮೊಮ್ಮೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎಂಬ ಉತ್ತರ ಬರುತ್ತದೆ. ‘ನೀವು ಕೊಟ್ಟ ಪಟ್ಟಿ ತೀರಾ ಉದ್ದವಾಯಿತು’ ಎಂದು ಅದರ ಅರ್ಥ. ಪಟ್ಟಿ ಎಷ್ಟು ಉದ್ದವಾದರೆ ‘ತೀರಾ ಉದ್ದ’? ಅದನ್ನು ಅಳೆಯುವವರು ಯಾರು? ಅದಕ್ಕಿಂತ ಮುಖ್ಯವಾಗಿ, ಈ ತಡೆಯನ್ನು ದಾಟಲು ನಾವು ಹಿಡಿಯುವ ದಾರಿಯಲ್ಲಿ ಲೆಕ್ಕ ತಪ್ಪುವುದು ಎಲ್ಲಿ?

ಮೊದಲಿಗೆ ಒಂದು ಸೂಚನೆ. ಇಲ್ಲಿ ಆಜ್ಞೆಗಳ ಹೆಸರನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಗಣಕದ ಮುಂದೆ ಕುಳಿತಾಗ ಅವುಗಳ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.

ನಾಲ್ಕು ತಾಲ್ಲೂಕು, ಮೂವತ್ತು ವರ್ಷ

ಒಂದು ಅಭ್ಯಾಸದ ಲೆಕ್ಕ ತೆಗೆದುಕೊಳ್ಳೋಣ. ಹಾಸನ ಜಿಲ್ಲೆಯ ಪಶ್ಚಿಮದ ಅಂಚು ಮಲೆನಾಡು, ಪೂರ್ವದ ಕಡೆ ಬಯಲುಸೀಮೆ. ಸಕಲೇಶಪುರದ ಮಳೆಯೇ ಬೇರೆ, ಚನ್ನರಾಯಪಟ್ಟಣದ ಮಳೆಯೇ ಬೇರೆ. ನಡುವೆ ಹೇಮಾವತಿ, ಅರಕಲಗೂಡಿನ ದಕ್ಷಿಣಕ್ಕೆ ಕಾವೇರಿ. ಹೀಗಾಗಿ ಮಳೆಯ ಅಂಕಿ ಅಂಶಗಳನ್ನು ತಾಲ್ಲೂಕುವಾರು ಇಡುವುದು ಅಗತ್ಯ. ನಮ್ಮ ದೇಶದಲ್ಲಿ ಮಳೆಮಾಪಕವನ್ನು ಬೆಳಿಗ್ಗೆ 8-30ಕ್ಕೆ ನೋಡಿ ಹಿಂದಿನ 24 ಗಂಟೆಗಳ ಮಳೆಯನ್ನು ಬರೆದುಕೊಳ್ಳುವುದು ರೂಢಿ. ಹವಾಮಾನದ ‘ಸಾಮಾನ್ಯ’ ಎಷ್ಟು ಎಂದು ಹೇಳಲು ಮೂವತ್ತು ವರ್ಷಗಳ ಅಂಕಿ ಬೇಕು. 1991ರಿಂದ 2020ರವರೆಗಿನ ಅವಧಿ ಅಂಥ ಒಂದು ಅಂಗೀಕೃತ ಅವಧಿ.

ಒಬ್ಬ ವಿದ್ಯಾರ್ಥಿನಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಿಗೆ ದಿನಕ್ಕೊಂದು ಕಡತದಂತೆ ಮಾಡಿಟ್ಟಿದ್ದಾಳೆ ಎಂದುಕೊಳ್ಳೋಣ. ಪ್ರತಿ ಕಡತದಲ್ಲಿ ಒಂದೇ ಸಾಲು: ತಾಲ್ಲೂಕು, ದಿನಾಂಕ, ಮಳೆ ಎಷ್ಟು ಮಿಲಿಮೀಟರ್. ಮೂವತ್ತು ವರ್ಷಗಳಲ್ಲಿ ಎಂಟು ಅಧಿಕ ವರ್ಷಗಳಿವೆ. ಆದ್ದರಿಂದ ದಿನಗಳು 10,958. ನಾಲ್ಕು ತಾಲ್ಲೂಕಿಗೆ ಕಡತಗಳು 43,832. ಇವನ್ನು ಎಣಿಸಬೇಕು, ಕೂಡಿಸಬೇಕು, ಜೋಪಾನವಾಗಿ ಕಟ್ಟಿಡಬೇಕು.

ಅವಳು ಬರೆಯುವ ಮೊದಲ ಆಜ್ಞೆ ಸರಳವಾಗಿರುತ್ತದೆ:

ಡಬ್ಲ್ಯುಸಿ -ಎಲ್ *.ಮಳೆ

‘ಮಳೆ’ ಎಂದು ಕೊನೆಯಾಗುವ ಎಲ್ಲ ಕಡತಗಳ ಸಾಲುಗಳನ್ನು ಎಣಿಸು ಎಂದು ಇದರ ಅರ್ಥ. ಒಂದು ತಾಲ್ಲೂಕಿನ ಕಡತಗಳ ಮೇಲೆ ಇದು ಸರಾಗವಾಗಿ ನಡೆಯುತ್ತದೆ. ನಾಲ್ಕನ್ನೂ ಸೇರಿಸಿದರೆ ಪಟ್ಟಿ ಉದ್ದವಾಯಿತೆಂಬ ಉತ್ತರ ಬರುತ್ತದೆ. ಎಣಿಕೆ ಆರಂಭವೇ ಆಗುವುದಿಲ್ಲ.

ನಕ್ಷತ್ರವನ್ನು ಬಿಡಿಸುವವರು ಯಾರು?

ಎಣಿಸುವ ಆಜ್ಞೆಗೆ ನಕ್ಷತ್ರ ಚಿಹ್ನೆ ಕಾಣುವುದೇ ಇಲ್ಲ. ನಾವು ಬರೆದ ಸಾಲನ್ನು ಮೊದಲು ಓದುವುದು ಶೆಲ್ ಎಂಬ ತಂತ್ರಾಂಶ. ಅದು ನಕ್ಷತ್ರವನ್ನು ಬಿಡಿಸಿ, ಆ ಜಾಗದಲ್ಲಿ 43,832 ಹೆಸರುಗಳನ್ನು ಸಾಲಾಗಿ ಜೋಡಿಸುತ್ತದೆ. ಆಮೇಲೆ ‘ಈ ಹೆಸರುಗಳೊಡನೆ ಎಣಿಸುವ ಆಜ್ಞೆಯನ್ನು ಆರಂಭಿಸು’ ಎಂದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ಕೇಳುತ್ತದೆ. ಅಳತೆ ಆಗುವುದು ಈ ಬಾಗಿಲಲ್ಲಿ. ಶೆಲ್ ಪಟ್ಟಿ ಮಾಡಬಲ್ಲದು, ಎಣಿಸುವ ಆಜ್ಞೆಯೂ ಎಷ್ಟು ಕಡತ ಕೊಟ್ಟರೂ ಎಣಿಸಬಲ್ಲದು. ಇಬ್ಬರ ನಡುವಿನ ಬಾಗಿಲಿಗೆ ಮಾತ್ರ ಅಗಲದ ಮಿತಿ ಇದೆ.

ಇದರಿಂದ ಒಂದು ವಿಚಿತ್ರವೂ ಅರ್ಥವಾಗುತ್ತದೆ. ಅದೇ ನಕ್ಷತ್ರವನ್ನು ‘ಎಕೋ’ ಆಜ್ಞೆಗೆ ಕೊಟ್ಟರೆ ಎಲ್ಲ ಹೆಸರುಗಳೂ ಪರದೆಯ ಮೇಲೆ ಹರಿದುಬರುತ್ತವೆ, ತಕರಾರಿಲ್ಲ. ಕಾರಣ, ಎಕೋ ಸಾಮಾನ್ಯವಾಗಿ ಶೆಲ್‌ನ ಒಳಗೇ ಇರುವ ಆಜ್ಞೆ. ಮನೆಯೊಳಗೇ ಓಡಾಡುವವರಿಗೆ ಹೆಬ್ಬಾಗಿಲಿನ ಅಗಲ ಲೆಕ್ಕಕ್ಕೆ ಬರುವುದಿಲ್ಲ.

ಮಿತಿ ಏಕೆ, ಮಿತಿ ಎಷ್ಟು?

ಹೊಸ ಕಾರ್ಯಕ್ರಮವೊಂದು ಆರಂಭವಾಗುವಾಗ ಹಳೆಯದರ ಸ್ಮೃತಿ ಅಳಿಸಿಹೋಗುತ್ತದೆ. ಆದ್ದರಿಂದ ಅದಕ್ಕೆ ಬೇಕಾದ ಹೆಸರುಗಳನ್ನು ಕರ್ನಲ್ ಮೊದಲೇ ಪ್ರತಿ ಮಾಡಿ ಹೊಸ ಜಾಗಕ್ಕೆ ಸಾಗಿಸಬೇಕು. ಈ ಜಾಗಕ್ಕೆ ಎಲ್ಲೆ ಇಲ್ಲದಿದ್ದರೆ ಯಾವುದೋ ಒಂದು ತಪ್ಪು ಆಜ್ಞೆ ಇಡೀ ಗಣಕದ ಸ್ಮೃತಿಯನ್ನು ನುಂಗಿಬಿಡಬಹುದು. ಮಿತಿ ಇರುವುದು ಅದಕ್ಕೆ.

ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಯುನಿಕ್ಸ್‌ನ ಕೆಲಸ ಆರಂಭಿಸಿದರು. ಅದರ ಆರನೆಯ ಆವೃತ್ತಿಯಲ್ಲಿ ಈ ಪಟ್ಟಿಗೆ ಸಿಗುತ್ತಿದ್ದ ಜಾಗ ಬರೀ 512 ಬೈಟು. 1979ರ ಏಳನೆಯ ಆವೃತ್ತಿಯಲ್ಲಿ 5,120 ಬೈಟು. ಪೋಸಿಕ್ಸ್ ಎಂಬ ಮಾನಕ ‘ಯಾವ ವ್ಯವಸ್ಥೆಯೂ 4,096 ಬೈಟಿಗಿಂತ ಕಡಿಮೆ ಕೊಡಕೂಡದು’ ಎಂದು ಕನಿಷ್ಠವನ್ನು ಗೊತ್ತುಮಾಡಿತು. ಲಿನಕ್ಸ್‌ನಲ್ಲಿ ಬಹುಕಾಲ 1,31,072 ಬೈಟು ಇತ್ತು. 2007ರಲ್ಲಿ ಬಂದ ಕರ್ನಲ್ 2.6.23ರಿಂದ ಈ ನಿಯಮ ಬದಲಾಯಿತು. ಕಾರ್ಯಕ್ರಮಕ್ಕೆ ಮೀಸಲಾದ ‘ಸ್ಟ್ಯಾಕ್’ ಎಂಬ ಜಾಗದ ಕಾಲುಭಾಗ ಈ ಪಟ್ಟಿಗೆ ಎಂದಾಯಿತು. ಸಾಮಾನ್ಯವಾಗಿ ಸ್ಟ್ಯಾಕ್ 8 ಮೆಗಾಬೈಟು. ಅದರ ಕಾಲುಭಾಗ 20,97,152 ಬೈಟು. ಆಪಲ್ ಕಂಪನಿಯ ಮ್ಯಾಕ್ ಗಣಕಗಳಲ್ಲಿ ಮಿತಿ ಇದರ ಅರ್ಧ, 10,48,576 ಬೈಟು. ಒಂದು ಯಂತ್ರದಲ್ಲಿ ನಡೆದ ಆಜ್ಞೆ ಇನ್ನೊಂದರಲ್ಲಿ ನಿಂತುಹೋಗುವುದು ಇದರಿಂದಲೇ.

ಈ ಜಾಗ ಪೂರ್ತಿ ನಮ್ಮ ಕಡತಗಳದ್ದೂ ಅಲ್ಲ. ಬಳಕೆದಾರನ ಹೆಸರು, ಭಾಷೆ, ಮನೆ-ಕೋಶ ಮುಂತಾದ ‘ಪರಿಸರ’ದ ವಿವರಗಳೂ ಅದರಲ್ಲೇ ಪಾಲು ಕೇಳುತ್ತವೆ. ಅವು ಸಾಮಾನ್ಯವಾಗಿ ಕೆಲವು ಸಾವಿರ ಬೈಟು, ನಮ್ಮ ಲೆಕ್ಕಕ್ಕೆ ದೊಡ್ಡದಲ್ಲ.

ಕನ್ನಡದ ಹೆಸರು, ಮೂರು ಪಟ್ಟು ಬೈಟು

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಕಡತದ ಹೆಸರು ‘ಹಾಸನ-1991-06-14.ಮಳೆ’ ಎಂಬಂತೆ ಇದೆ ಎಂದುಕೊಳ್ಳಿ. ಗಣಕದಲ್ಲಿ ಕನ್ನಡವನ್ನು ಯುನಿಕೋಡ್ ಸಂಕೇತಗಳಲ್ಲಿ ಬರೆಯುತ್ತಾರೆ. ಅವನ್ನು ಶೇಖರಿಸುವ ಪದ್ಧತಿಗೆ ಯುಟಿಎಫ್-8 ಎಂದು ಹೆಸರು. 1992ರಲ್ಲಿ ಇದನ್ನು ರೂಪಿಸಿದವರು ಅದೇ ಕೆನ್ ಥಾಂಪ್ಸನ್, ಜೊತೆಗೆ ರಾಬ್ ಪೈಕ್. ಇದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕು. ಗುಣಿತದ ಚಿಹ್ನೆಯೂ ಒಂದು ಸಂಕೇತ, ಒತ್ತಕ್ಷರ ಮಾಡುವ ಹಲಂತವೂ ಒಂದು ಸಂಕೇತ.

ಎಣಿಸೋಣ. ‘ಹಾಸನ’ದಲ್ಲಿ ಹ, ಅದರ ದೀರ್ಘ, ಸ, ನ ಹೀಗೆ ನಾಲ್ಕು ಸಂಕೇತಗಳು, 12 ಬೈಟು. ‘ಅರಕಲಗೂಡು’ ಎಂಟು ಸಂಕೇತ, 24 ಬೈಟು. ‘ಹೊಳೆನರಸೀಪುರ’ ಹನ್ನೊಂದು ಸಂಕೇತ, 33 ಬೈಟು. ‘ಚನ್ನರಾಯಪಟ್ಟಣ’ ಹನ್ನೆರಡು ಸಂಕೇತ, 36 ಬೈಟು. ನಾಲ್ಕೂ ಸೇರಿ 105. ಉಳಿದದ್ದು ಎಲ್ಲ ಹೆಸರಿಗೂ ಸಮಾನ: ಒಂದು ಅಡ್ಡಗೆರೆ 1, ದಿನಾಂಕ 10, ಚುಕ್ಕೆ 1, ‘ಮಳೆ’ 9, ಹೆಸರು ಮುಗಿಯಿತೆಂದು ಹೇಳುವ ಶೂನ್ಯ ಬೈಟು 1, ಒಟ್ಟು 22. ನಾಲ್ಕು ಹೆಸರಿಗೆ 88. ಅಂದರೆ ಒಂದು ದಿನದ ನಾಲ್ಕು ಕಡತಗಳ ಹೆಸರಿಗೆ 193 ಬೈಟು. 10,958 ದಿನಕ್ಕೆ 21,14,894 ಬೈಟು.

ಇದೇ ಮಿತಿಯನ್ನು ದಾಟಿತು. ಇದರ ಮೇಲೆ ಈಚಿನ ಲಿನಕ್ಸ್, ಪ್ರತಿ ಹೆಸರು ಎಲ್ಲಿದೆ ಎಂದು ತೋರಿಸುವ ಸೂಚಿಗೂ 8 ಬೈಟು ಹಿಡಿಯುತ್ತದೆ. ಅದು 3,50,656. ಎಲ್ಲ ಸೇರಿ 24,65,550 ಬೈಟು. ಬಾಗಿಲಿನ ಅಗಲ 20,97,152 ಎಂಬುದನ್ನು ನೆನಪಿಡಿ.

ಇದೇ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದರೆ? ವಾಡಿಕೆಯ ಕಾಗುಣಿತದಲ್ಲಿ ಹಾಸನಕ್ಕೆ 6 ಅಕ್ಷರ, ಅರಕಲಗೂಡಿಗೆ 8, ಹೊಳೆನರಸೀಪುರಕ್ಕೆ 14, ಚನ್ನರಾಯಪಟ್ಟಣಕ್ಕೆ 15, ‘ಮಳೆ’ಗೆ 4. ಮೇಲಿನಂತೆಯೇ ಲೆಕ್ಕ ಹಾಕಿದರೆ ಸೂಚಿಗಳೂ ಸೇರಿ 15,66,994 ಬೈಟು. ಆಜ್ಞೆ ನಡೆಯುತ್ತದೆ! ಅವವೇ ಕಡತಗಳು, ಅದೇ ಮಳೆ, ಬೇರೆ ಲಿಪಿ ಅಷ್ಟೆ. ಆದರೆ ಇಂಗ್ಲಿಷಿನಲ್ಲಿ ಹೆಸರಿಟ್ಟವರೂ ನಿಶ್ಚಿಂತರಾಗಿ ಇರುವಂತಿಲ್ಲ. ಬೇರೆ ಕೋಶದಲ್ಲಿ ಕುಳಿತು 20 ಬೈಟಿನ ದಾರಿಯೊಡನೆ ನಕ್ಷತ್ರ ಬರೆದರೆ, ಆ ದಾರಿ ಪ್ರತಿ ಹೆಸರಿನ ಹಿಂದೆಯೂ ಅಂಟಿಕೊಳ್ಳುತ್ತದೆ. 8,76,640 ಬೈಟು ಹೆಚ್ಚಿ ಅವರ ಆಜ್ಞೆಯೂ ನಿಲ್ಲುತ್ತದೆ.

ಕನ್ನಡದಲ್ಲಿ ಹೆಸರಿಡಬಾರದು ಎಂದು ಇದರ ಅರ್ಥವಲ್ಲ. ಲೆಕ್ಕ ಗೊತ್ತಿದ್ದರೆ ಯಾವ ಲಿಪಿಯಲ್ಲಾದರೂ ಕೆಲಸ ಸಾಗುತ್ತದೆ. ಗೊತ್ತಿಲ್ಲದಿದ್ದರೆ ತೊಂದರೆ ತಡವಾಗಿ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ದಿನಕ್ಕೆ ಸೂಚಿ ಸೇರಿ 225 ಬೈಟು. 1991ರ ಜನವರಿಯಿಂದ ದಿನವೂ ನಾಲ್ಕು ಕಡತ ಸೇರುತ್ತಾ ಹೋದರೆ ಮಿತಿ ಮುಟ್ಟುವುದು ಸುಮಾರು 9,300 ದಿನಗಳಿಗೆ, ಅಂದರೆ 2016ರ ಮುಂಗಾರಿನ ನಡುವಿನ ದಿನಗಳಿಗೆ. ಇಪ್ಪತ್ತೈದು ವರ್ಷಗಳ ಕಡತಗಳ ಮೇಲೆ ಸರಿಯಾಗಿ ನಡೆದ ಆಜ್ಞೆ, ಇನ್ನೊಂದು ವರ್ಷದ ಕಡತ ಸೇರಿಸಿದಾಗ ಏಕಾಏಕಿ ನಿಲ್ಲುತ್ತದೆ.

ಕಂತು ಕಟ್ಟುವ ಆಜ್ಞೆ

ಯುನಿಕ್ಸ್‌ನ ಸೊಗಸು ಇರುವುದು ಸಣ್ಣ ಸಣ್ಣ ಆಜ್ಞೆಗಳನ್ನು ಜೋಡಿಸುವುದರಲ್ಲಿ. ಒಂದರ ಉತ್ತರ ಇನ್ನೊಂದಕ್ಕೆ ಹರಿದುಹೋಗಲು ‘ಪೈಪ್’ ಎಂಬ ಕೊಳವೆ ಇದೆ. ಡಗ್ಲಸ್ ಮೆಕಿಲ್‌ರಾಯ್ ಅವರ ಒತ್ತಾಸೆಯಿಂದ 1973ರಲ್ಲಿ ಅದು ಯುನಿಕ್ಸ್‌ಗೆ ಬಂತು. ಕೊಳವೆಯಲ್ಲಿ ಎಷ್ಟು ಬೇಕಾದರೂ ಹರಿಯಬಹುದು. ಅಲ್ಲಿ ಈ ಮಿತಿ ಇಲ್ಲ. ಹಾಗಾದರೆ ಹೆಸರುಗಳನ್ನು ಕೊಳವೆಯಲ್ಲಿ ಹರಿಸಿ, ಇನ್ನೊಂದು ತುದಿಯಲ್ಲಿ ಬಾಗಿಲಿಗೆ ಹಿಡಿಸುವಷ್ಟು ಹೆಸರುಗಳನ್ನು ಕಂತು ಕಂತಾಗಿ ಕಟ್ಟಿ ಒಳಗೆ ಕಳಿಸಿದರೆ ಆಯಿತಲ್ಲ? ಆ ಕೆಲಸ ಮಾಡುವ ಆಜ್ಞೆಯೇ ‘ಎಕ್ಸ್‌ಆರ್ಗ್ಸ್’. ಅದು 1970ರ ದಶಕದಲ್ಲೇ ಬೆಲ್ ಪ್ರಯೋಗಾಲಯದ ಯುನಿಕ್ಸ್‌ನಲ್ಲಿ ಹುಟ್ಟಿತು.

ಹೆಸರುಗಳನ್ನು ಹುಡುಕಿ ಕೊಡಲು ‘ಫೈಂಡ್’ ಇದೆ. ಫೈಂಡ್‌ಗೆ ನಕ್ಷತ್ರವನ್ನು ಉದ್ಧರಣ ಚಿಹ್ನೆಯೊಳಗೆ ಕೊಡಬೇಕು. ಆಗ ಶೆಲ್ ಅದನ್ನು ಬಿಡಿಸುವುದಿಲ್ಲ, ಫೈಂಡ್ ತಾನೇ ಕೋಶವನ್ನು ಓದಿ ಒಂದೊಂದೇ ಹೆಸರನ್ನು ಕೊಳವೆಗೆ ಬಿಡುತ್ತದೆ.

ಫೈಂಡ್ . -ನೇಮ್ '*.ಮಳೆ' | ಎಕ್ಸ್‌ಆರ್ಗ್ಸ್ ಡಬ್ಲ್ಯುಸಿ -ಎಲ್

ಲಿನಕ್ಸ್‌ನೊಡನೆ ಬರುವ ಗ್ನೂ ಎಕ್ಸ್‌ಆರ್ಗ್ಸ್, ಬೇರೆ ಹೇಳದಿದ್ದರೆ, ಒಂದು ಕಂತಿಗೆ 1,31,072 ಬೈಟುಗಳಷ್ಟನ್ನೇ ಕಟ್ಟುತ್ತದೆ. ನಮ್ಮ 43,832 ಹೆಸರುಗಳಿಗೆ ಸುಮಾರು 17 ಕಂತು. ಎಣಿಸುವ ಆಜ್ಞೆ 17 ಬಾರಿ ಹೊಸದಾಗಿ ಆರಂಭವಾಗುತ್ತದೆ. ದೂರಿನ ಸಂದೇಶ ಮಾಯ. ನಿಜವಾದ ಅಪಾಯ ಇಲ್ಲಿಂದ ಮುಂದಕ್ಕೆ.

ಕೊನೆಯ ಚೀಟಿ ಒಟ್ಟು ತೂಕವಲ್ಲ

ಹಾಸನದ ಆಲೂಗೆಡ್ಡೆ ಬೆಳೆಗಾರರನ್ನು ನೆನೆಯಿರಿ. ಬೆಳೆಯೆಲ್ಲ ಒಂದೇ ಲಾರಿಗೆ ಹಿಡಿಸದಿದ್ದರೆ ನಾಲ್ಕು ಲೋಡು ಮಾಡುತ್ತಾರೆ. ಲೋಡಿಗೊಂದು ತೂಕದ ಚೀಟಿ ಬರುತ್ತದೆ. ಕೊನೆಯ ಚೀಟಿಯನ್ನು ಮಾತ್ರ ತೋರಿಸಿ ‘ಇದೇ ಈ ಸಲದ ಬೆಳೆ’ ಎಂದರೆ ಯಾರಾದರೂ ಒಪ್ಪುತ್ತಾರೆಯೇ? ಗಣಕದ ಮುಂದೆ ನಾವು ಮಾಡುವುದು ಅದನ್ನೇ.

ಎಣಿಸುವ ಆಜ್ಞೆ ಪ್ರತಿ ಕಂತಿನ ಕೊನೆಯಲ್ಲಿ ಒಂದು ‘ಒಟ್ಟು’ ಸಾಲು ಬರೆಯುತ್ತದೆ. 17 ಕಂತಿಗೆ 17 ಒಟ್ಟುಗಳು. ಸಾವಿರಾರು ಸಾಲು ಪರದೆಯ ಮೇಲೆ ಹರಿದುಹೋದ ಮೇಲೆ ಕಣ್ಣಿಗೆ ಬೀಳುವುದು ಕೊನೆಯದು ಮಾತ್ರ. 43,832 ಬರಬೇಕಾದ ಜಾಗದಲ್ಲಿ ಮೂರು ನಾಲ್ಕು ಸಾವಿರವನ್ನೂ ಮೀರದ ಒಂದು ಸಂಖ್ಯೆ ಕುಳಿತಿರುತ್ತದೆ. ಅದು ಸುಳ್ಳಲ್ಲ, ಒಂದು ಕಂತಿನ ಮಟ್ಟಿಗೆ ನಿಜ. ಅದಕ್ಕೇ ಅನುಮಾನ ಬರುವುದಿಲ್ಲ.

‘ಸಾರ್ಟ್’ ಆಜ್ಞೆಯಿಂದ ಅತಿ ಹೆಚ್ಚು ಮಳೆ ಬಿದ್ದ ದಿನವನ್ನು ಹುಡುಕಿದರೂ ಇದೇ ಕಥೆ. 17 ಗುಂಪುಗಳು ಪ್ರತ್ಯೇಕವಾಗಿ ಇಳಿಕೆಯ ಕ್ರಮದಲ್ಲಿ ಜೋಡಣೆಯಾಗಿ ಒಂದರ ಹಿಂದೊಂದು ಬರುತ್ತವೆ. ಮೊದಲ ಸಾಲು ಮೊದಲ ಗುಂಪಿನ ಗರಿಷ್ಠವೇ ಹೊರತು ಮೂವತ್ತು ವರ್ಷದ ಗರಿಷ್ಠವಲ್ಲ. ಸರಾಸರಿಯೂ ಅಷ್ಟೆ. ಕಂತುಗಳು ಸಮನಾಗಿಲ್ಲದಾಗ, ಕಂತುಗಳ ಸರಾಸರಿಗಳ ಸರಾಸರಿ ಒಟ್ಟು ಸರಾಸರಿ ಆಗುವುದಿಲ್ಲ. ಇದು ಗಣಕದ ಪಾಠವಲ್ಲ, ನಿಮ್ಮ ಗಣಿತದ ಪುಸ್ತಕದ್ದೇ ಪಾಠ.

ಎಲ್ಲಕ್ಕಿಂತ ಕೆಟ್ಟದ್ದು ‘ಟಾರ್’. ಕಡತಗಳನ್ನೆಲ್ಲ ಒಂದು ಗಂಟಾಗಿ ಕಟ್ಟಿಡುವ ಆಜ್ಞೆ ಅದು. ‘ಹೊಸ ಗಂಟು ಕಟ್ಟು’ ಎಂದು ಎಕ್ಸ್‌ಆರ್ಗ್ಸ್ ಮೂಲಕ ಹೇಳಿದರೆ 17 ಬಾರಿಯೂ ಅದು ಹಳೆಯ ಗಂಟನ್ನು ಅಳಿಸಿ ಹೊಸದನ್ನೇ ಕಟ್ಟುತ್ತದೆ. ಕೊನೆಗೆ ಉಳಿಯುವುದು ಹದಿನೇಳನೆಯ ಕಂತು ಮಾತ್ರ. ಯಾವ ದೂರೂ ಇಲ್ಲ, ಗಂಟು ತೆರೆದರೆ ಕಡತಗಳೂ ಇವೆ. ‘ಪ್ರತಿ ತೆಗೆದಾಯಿತು’ ಎಂದು ಮೂಲ ಕಡತಗಳನ್ನು ಅಳಿಸಿದರೆ ಮೂವತ್ತು ವರ್ಷದ ಮಳೆಯ ಬಹುಪಾಲು ಹೋದಂತೆಯೇ. ಬರ ಘೋಷಣೆ, ಹವಾಮಾನ ಆಧಾರಿತ ಬೆಳೆ ವಿಮೆ ಇಂಥವಕ್ಕೆಲ್ಲ ಮಳೆಯ ಅಂಕಿಯೇ ಆಧಾರ. ಅಂಕಿ ತಪ್ಪಿದರೆ ತೊಂದರೆ ಹೊಲದವರೆಗೂ ಹೋಗುತ್ತದೆ.

ಹಾಗಾದರೆ ನಿಯಮವೇನು? ಕೆಲಸಗಳಲ್ಲಿ ಎರಡು ಬಗೆ. ಒಂದು ಕಡತದ ಕೆಲಸಕ್ಕೂ ಇನ್ನೊಂದರ ಕೆಲಸಕ್ಕೂ ಸಂಬಂಧವಿಲ್ಲದಿದ್ದರೆ ಅದು ಬಿಡಿ ಕೆಲಸ. ಕಡತ ಅಳಿಸುವುದು, ಕಿರಿದುಗೊಳಿಸುವುದು, ಅನುಮತಿ ಬದಲಿಸುವುದು, ಒಳಗಿನ ಸಾಲುಗಳನ್ನು ಹೊರಕ್ಕೆ ಸುರಿಯುವುದು, ಇವೆಲ್ಲ ಬಿಡಿ ಕೆಲಸಗಳು. ಎಷ್ಟು ಕಂತಾದರೂ ಫಲ ಒಂದೇ. ಮೊತ್ತ, ಕ್ರಮ, ಗರಿಷ್ಠ, ಸರಾಸರಿ, ಗಂಟು ಇವು ಇಡಿ ಕೆಲಸಗಳು. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಮಾತ್ರ ಸರಿ. ಬಿಡಿ ಕೆಲಸವನ್ನು ಕಂತಿಗೆ ಕೊಡಿ, ಇಡಿ ಕೆಲಸವನ್ನು ಕೊಳವೆಯ ಕೊನೆಗೆ ಇಡಿ. ಹೀಗೆ:

ಫೈಂಡ್ . -ನೇಮ್ '*.ಮಳೆ' | ಎಕ್ಸ್‌ಆರ್ಗ್ಸ್ ಕ್ಯಾಟ್ | ಡಬ್ಲ್ಯುಸಿ -ಎಲ್

‘ಕ್ಯಾಟ್’ 17 ಬಾರಿ ನಡೆದರೂ ಸಾಲುಗಳೆಲ್ಲ ಒಂದೇ ಕೊಳವೆಗೆ ಬೀಳುತ್ತವೆ. ಎಣಿಸುವ ಆಜ್ಞೆ ಒಮ್ಮೆ ಮಾತ್ರ ನಡೆದು ಒಂದೇ ಉತ್ತರ ಕೊಡುತ್ತದೆ: 43,832. ಕೊನೆಯ ಜಾಗದಲ್ಲಿ ಸಾರ್ಟ್ ಇಟ್ಟರೆ ನಿಜವಾದ ಗರಿಷ್ಠ ಸಿಗುತ್ತದೆ. ಟಾರ್‌ಗಂತೂ ನಕ್ಷತ್ರವೇ ಬೇಡ. ಇಡೀ ಕೋಶದ ಹೆಸರೊಂದನ್ನು ಕೊಟ್ಟರೆ ಒಳಗಿನದೆಲ್ಲವನ್ನೂ ಅದೇ ಹುಡುಕಿ ಕಟ್ಟುತ್ತದೆ.

ಸ್ಟ್ಯಾಕ್‌ನ ಮಿತಿಯನ್ನೇ ಹೆಚ್ಚಿಸಿ ಬಾಗಿಲನ್ನು ಅಗಲ ಮಾಡುವ ಉಪಾಯವೂ ಉಂಟು. ಅದು ತೊಂದರೆಯನ್ನು ಮುಂದೂಡುತ್ತದೆಯೇ ವಿನಾ ನೀಗಿಸುವುದಿಲ್ಲ.

ಹೊಳೆ ಬೇರೆ, ನರಸೀಪುರ ಬೇರೆ

ಇನ್ನೊಂದು ಎಚ್ಚರ. ಕೆಲವರು ‘ಹೊಳೆನರಸೀಪುರ’ವನ್ನು ಬಿಡಿಸಿ ‘ಹೊಳೆ ನರಸೀಪುರ’ ಎಂದು ಬರೆಯುತ್ತಾರೆ. ನಮ್ಮ ಕಣ್ಣಿಗೆ ಎರಡೂ ಒಂದೇ ಊರು. ಎಕ್ಸ್‌ಆರ್ಗ್ಸ್‌ಗೆ ಹಾಗಲ್ಲ. ನಡುವೆ ಖಾಲಿ ಜಾಗ ಕಂಡರೆ ಹೆಸರು ಅಲ್ಲಿಗೆ ಮುಗಿಯಿತೆಂದು ಅದು ತಿಳಿಯುತ್ತದೆ. ‘ಹೊಳೆ’ ಒಂದು ಕಡತ, ‘ನರಸೀಪುರ-1991-06-14.ಮಳೆ’ ಇನ್ನೊಂದು ಕಡತ ಎಂದುಕೊಳ್ಳುತ್ತದೆ. ಎಣಿಸುವಾಗ ‘ಅಂಥ ಕಡತವಿಲ್ಲ’ ಎಂಬ ದೂರು ಬರುತ್ತದೆ. ಅಳಿಸುವ ಆಜ್ಞೆಯಾದರೆ, ಅದೇ ಕೋಶದಲ್ಲಿ ‘ಹೊಳೆ’ ಎಂಬ ಬೇರೆ ಕಡತವಿದ್ದರೆ, ಅದು ನಿರಪರಾಧಿಯಾಗಿ ಹೋಗುತ್ತದೆ.

ಪರಿಹಾರ ಸರಳ. ಕಡತದ ಹೆಸರಿನಲ್ಲಿ ಎಂದೂ ಬರಲಾರದ ಬೈಟು ಶೂನ್ಯ. ಹೆಸರುಗಳ ನಡುವೆ ಅದನ್ನೇ ಗಡಿಯಾಗಿ ಇಟ್ಟರೆ ಗೊಂದಲವಿಲ್ಲ. ಫೈಂಡ್‌ನ ಕೊನೆಗೆ ‘-ಪ್ರಿಂಟ್0’, ಎಕ್ಸ್‌ಆರ್ಗ್ಸ್‌ನ ಮುಂದೆ ‘-0’ ಸೇರಿಸಿ. ಬಹುಕಾಲದಿಂದ ಬಳಕೆಯಲ್ಲಿದ್ದ ಈ ಜೋಡಿಯನ್ನು 2024ರ ಪೋಸಿಕ್ಸ್ ಮಾನಕವೂ ಅಂಗೀಕರಿಸಿದೆ.

ನೀವೇ ಮಾಡಿ ನೋಡಿ

1. ನಿಮ್ಮ ಶಾಲೆ ಅಥವಾ ಕಾಲೇಜಿನ ಲಿನಕ್ಸ್ ಗಣಕದಲ್ಲಿ ‘ಗೆಟ್‌ಕಾನ್ಫ್’ ಆಜ್ಞೆಗೆ ‘ಆರ್ಗ್_ಮ್ಯಾಕ್ಸ್’ ಎಂಬ ಹೆಸರನ್ನು ದೊಡ್ಡಕ್ಷರಗಳಲ್ಲಿ ಕೊಡಿ. ನಿಮ್ಮ ಬಾಗಿಲಿನ ಅಗಲ ಬೈಟುಗಳಲ್ಲಿ ಸಿಗುತ್ತದೆ.

2. ನಿಮ್ಮ ಊರಿನ ಹೆಸರಿಗೆ ಕನ್ನಡದಲ್ಲಿ ಎಷ್ಟು ಬೈಟು? ಮೊದಲು ಕಾಗದದ ಮೇಲೆ ಎಣಿಸಿ, ಆಮೇಲೆ ‘ಡಬ್ಲ್ಯುಸಿ -ಸಿ’ಯಿಂದ ತಾಳೆ ನೋಡಿ. ಲಿನಕ್ಸ್‌ನಲ್ಲಿ ಒಂದು ಕಡತದ ಹೆಸರು ಸಾಮಾನ್ಯವಾಗಿ 255 ಬೈಟು ಮೀರುವಂತಿಲ್ಲ. ಕನ್ನಡದಲ್ಲಾದರೆ ಎಷ್ಟು ಸಂಕೇತಗಳು?

3. ಯಾವ ಕಡತಕ್ಕೂ ಅಪಾಯವಿಲ್ಲದ ಒಂದು ಪ್ರಯೋಗ: ಸೀಕ್ 1 100000 | ಎಕ್ಸ್‌ಆರ್ಗ್ಸ್ ಎಕೋ | ಡಬ್ಲ್ಯುಸಿ -ಎಲ್. ಒಂದರಿಂದ ಒಂದು ಲಕ್ಷದವರೆಗಿನ ಅಂಕಿಗಳನ್ನು, ನಡುವಿನ ಗಡಿಯೂ ಸೇರಿದಂತೆ, ಬರೆಯಲು 5,88,895 ಬೈಟು ಬೇಕು. ಅದನ್ನು 1,31,072ರಿಂದ ಭಾಗಿಸಿ, ಎಷ್ಟು ಕಂತಾಗಬಹುದೆಂದು ಮೊದಲೇ ಹೇಳಿ. ಗ್ನೂ ಎಕ್ಸ್‌ಆರ್ಗ್ಸ್ ಇದ್ದರೆ ಪರದೆಯ ಮೇಲೆ 5 ಎಂದು ಕಾಣಬೇಕು.

ಕಂತುಗಳಾಗುವುದನ್ನು ಹೀಗೆ ಒಮ್ಮೆ ಕಣ್ಣಾರೆ ಕಂಡವರು ಮುಂದೆ ಯಾವ ದೊಡ್ಡ ಲೆಕ್ಕದ ಕೊನೆಯಲ್ಲೂ ಒಂದು ಪ್ರಶ್ನೆ ಕೇಳುತ್ತಾರೆ: ಇದು ಒಟ್ಟು ತೂಕವೋ, ಕೊನೆಯ ಲೋಡಿನ ಚೀಟಿಯೋ? ಆ ಪ್ರಶ್ನೆ ರೂಢಿಯಾದರೆ ಇಂದಿನ ಪಾಠ ಸಾರ್ಥಕ.